ಎಡಗಡೆ ನಿಂತವನು

ನನ್ನ ಸೋದರಮಾವ ಮೂವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದವನು. ತಣ್ಣಗಿದ್ದರೆ ಸರಿ, ಬೆಚ್ಚಗಾದರೆ ಕೆಟ್ಟಿದೆ, ಇಷ್ಟೇ ಅವನ ವೇದಾಂತ. ಅವನನ್ನು ನಾನು ಕೆಲಸ ಮಾಡುವ ಮಿದುಳಿನ ಪ್ರಯೋಗಾಲಯಕ್ಕೆ ಸೇರಿಸಿದವಳು ನಾನೇ, ಯಾರನ್ನೂ ದೂರುವ ಹಾಗಿಲ್ಲ.

ಅಲ್ಲಿ ಅವನು ಸೂಜಿಯಷ್ಟು ಸಣ್ಣ ಉಕ್ಕಿನ ಕೊಳವೆಯನ್ನು ಬಾಗಿಸಿ ಕುಣಿಕೆ ಮಾಡುತ್ತಾನೆ. ಪ್ರಯೋಗಾಲಯ ನಡೆಸುವ ಡಾಕ್ಟರಮ್ಮ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಬೆಕ್ಕಿನ ಮಿದುಳಿನ ಬಲಭಾಗದ ಮೇಲೆ ಕೂರಿಸುತ್ತಾರೆ. ಕೊಳವೆಯಲ್ಲಿ ತಣ್ಣನೆಯ ದ್ರವ ಹರಿಸಿದರೆ ಅಷ್ಟು ಜಾಗ ಮಾತ್ರ ಕೆಲಸ ನಿಲ್ಲಿಸುತ್ತದೆ. ಮಿದುಳಿನ ಬಲಭಾಗ ನೋಡಿಕೊಳ್ಳುವುದು ಎಡಗಡೆಯನ್ನು, ಹಾಗಾಗಿ ಎಡಗಡೆ ಏನಿದ್ದರೂ ಬೆಕ್ಕಿಗೆ ಕಾಣುವುದಿಲ್ಲ. ಪಂಪು ನಿಲ್ಲಿಸಿದರೆ ಎರಡು ಮೂರು ನಿಮಿಷದಲ್ಲಿ ಎಲ್ಲ ಮೊದಲಿನಂತೆ. ನಾನಿರುವುದೂ ಮಾವನ ಮನೆಯಲ್ಲೇ. ಇದನ್ನೆಲ್ಲ ವಿವರಿಸಿದಾಗ ಅತ್ತೆ ಬಟ್ಟೆ ಮಡಿಸುತ್ತಾ, "ಇದಕ್ಕೆ ಕೊಳವೆ ಬೇರೆ ಬೇಕಾ? ಇಪ್ಪತ್ತೆಂಟು ವರ್ಷದಿಂದ ಸೋಫಾದಲ್ಲಿ ನಿನ್ನ ಮಾವನ ಎಡಗಡೇನೇ ಕೂತಿದೀನಿ. ಟೀವಿ ಹಾಕಿದ್ರೆ ಸಾಕು" ಎಂದಳು. ಮಾವನಿಗೆ ಕೇಳಿಸಲಿಲ್ಲ. ಟೀವಿ ಹಾಕಿತ್ತು.

ಬೆಕ್ಕಿಗೆ ಕದ್ದು ತಿನ್ನಿಸಿದವರಿಗೆ ಅವತ್ತೇ ಕೆಲಸದಿಂದ ಬಿಡುಗಡೆ ಎಂದು ಡಾಕ್ಟರಮ್ಮ ಬಾಗಿಲಿಗೆ ಚೀಟಿ ಅಂಟಿಸಿದ್ದರು. ದೀಪ ಕಂಡ ಕಡೆ ತಿರುಗಿದರೆ ಒಂದು ತುತ್ತು, ಇದೇ ಪರೀಕ್ಷೆ. ಹೊಟ್ಟೆ ತುಂಬಿದ ಬೆಕ್ಕು ಅದಕ್ಕೆ ಸೊಪ್ಪು ಹಾಕುವುದಿಲ್ಲವಲ್ಲ!

ಹೊಸ ಕುಣಿಕೆಯ ಮೊದಲ ಪರೀಕ್ಷೆಯ ದಿನ, ಪಕ್ಕದ ಕೋಣೆಯ ಪಂಪಿನ ಬಳಿ ಇರಬೇಕಾದ ಮಾವ ಅದನ್ನು ಚಾಲೂ ಮಾಡಿ ಒಳಗೆ ಬಂದು ಬೆಕ್ಕಿನ ಎಡಗಡೆಯ ಮೂಲೆಯಲ್ಲಿ ನಿಂತ. ತನ್ನ ಕೈಕೆಲಸ ನೋಡುವ ಆಸೆ. ಕುಣಿಕೆ ತಣ್ಣಗಾಯಿತು. ನಾನು ಬಲಕ್ಕೆ ದೀಪ ತೋರಿಸಿದೆ, ಬೆಕ್ಕು ತಿರುಗಿತು. ಎಡಕ್ಕೆ ತೋರಿಸಿದೆ. ತಿರುಗಬಾರದಿತ್ತು. ತಿರುಗಿದ್ದಲ್ಲದೆ ಪೈಪು ಬಿಗಿಯುವಷ್ಟು ಕತ್ತು ಚಾಚಿತು.

"ಕುಣಿಕೆ ಸರಿಯಿಲ್ಲ. ನಾಳೆ ಮತ್ತೆ ತಲೆ ತೆರೆದು ಬೇರೆ ಹಾಕ್ಬೇಕು" ಎಂದರು ಡಾಕ್ಟರಮ್ಮ.

ಮಾವನ ಮುಖ ಬಿಳಿಚಿತು. ಬೆಕ್ಕನ್ನು ನೋಡಿದ, ಬಾಗಿಲ ಚೀಟಿಯನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡ.

"ಅಮ್ಮಾ, ಕುಣಿಕೆ ಸರಿಯಾಗೇ ಇದೆ. ಅದು ನೋಡಿ ತಿರುಗ್ಲಿಲ್ಲ, ವಾಸನೆಗೆ ತಿರುಗ್ತು." ಜೇಬಿನಿಂದ ಒಣಮೀನು ತೆಗೆದು ಮೇಜಿನ ಮೇಲಿಟ್ಟ. "ದಿನಾ ಬೆಳಿಗ್ಗೆ ಒಂದು ಚೂರು ಕೊಡ್ತಿದ್ದೆ. ನನ್ನ ಕೆಲಸ ಹೋಗ್ಲಿ, ಅದರ ತಲೆಗೆ ಮಾತ್ರ ಇನ್ನೊಂದ್ಸಲ ಕೈ ಹಾಕ್ಬೇಡಿ."

ಡಾಕ್ಟರಮ್ಮ ನಲ್ಲಿಯ ಕಡೆ ಬೆರಳು ತೋರಿಸಿದರು. ಮೀನು ಆಚೆ ಹೋಯಿತು, ಅಂಗಿಯೂ ಹೋಯಿತು. ಎರಡು ಸಲ ಸೋಪು ಹಚ್ಚಿ ಕೈ ತೊಳೆದ ಮಾವ ಬನಿಯನ್ನಿನಲ್ಲಿ ಅದೇ ಮೂಲೆಯಲ್ಲಿ ನಿಂತ. ಮತ್ತೆ ತಂಪು, ಮತ್ತೆ ದೀಪ. ಬಲಕ್ಕೆ ತಿರುಗಿದ ಬೆಕ್ಕು ಎಡಕ್ಕೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ದಿನಾ ಕೈಯಿಂದಲೇ ತಿನ್ನಿಸಿದವನು ಎರಡು ಮಾರು ದೂರದಲ್ಲಿ ಚಳಿಗೆ ನಡುಗುತ್ತಾ ನಿಂತಿದ್ದರೂ ಅದಕ್ಕೆ ಅವನು ಇರಲೇ ಇಲ್ಲ. ಕುಣಿಕೆ ಗೆದ್ದಿತ್ತು, ಮಾವನ ಕಣ್ಣಲ್ಲಿ ನೀರಿತ್ತು.

ಪಂಪು ನಿಂತಿತು. ಎರಡೂವರೆ ನಿಮಿಷಕ್ಕೆ ಬೆಕ್ಕು ಎಡಕ್ಕೆ ತಿರುಗಿ, ಬರಿಗೈಯ ಮಾವನನ್ನು ನೋಡಿ ಮಿಯಾವ್ ಎಂದಿತು.

"ಇನ್ಮೇಲೆ ಈ ಕೋಣೆಗೆ ಕಾಲಿಡ್ಬೇಡಿ" ಎಂದರು ಡಾಕ್ಟರಮ್ಮ. "ಕುಣಿಕೆ ಮಾತ್ರ ನೀವೇ ಮಾಡ್ಬೇಕು."

ಅಂದು ಸಂಜೆ ಮಾವ ಸೋಫಾದಲ್ಲಿ ಕೂತು ಟೀವಿ ಆರಿಸಿದ. ಎಡಕ್ಕೆ ತಿರುಗಿ ಅತ್ತೆಯನ್ನೇ ನೋಡಿದ. "ಬೆಳಿಗ್ಗೆಯಿಂದ ಏನು ಮಾಡಿದೆ? ಸುಸ್ತಾಯ್ತಾ?" ಎಂದು ಕೇಳಿದ.

ಅತ್ತೆಯ ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು.

"ಏನ್ರೀ, ಕೆಲಸ ಹೋಯ್ತಾ?"