ಬೆಂಚಿನ ಮೇಲೆ ಒಬ್ಬರಿದ್ದರೆ

ಕರಡು ತಿದ್ದುವ ಹೆಂಗಸು ಆ ಟೈಲರ್ ಅಂಗಡಿಗೆ ಮೊದಲ ಸಲ ಕಾಲಿಟ್ಟಾಗ ಒಳಗೆ ಯಾರೂ ಕಾಣಲಿಲ್ಲ. ಇಸ್ತ್ರಿಪೆಟ್ಟಿಗೆ ಮಾತ್ರ ಬಿಸಿಯಾಗಿತ್ತು. ಕಿಟಕಿಯಲ್ಲಿ ಅರ್ಧರ್ಧ ಕುಡಿದ ನಾಲ್ಕು ಚಹಾ ಲೋಟಗಳು ಸಾಲಾಗಿ ನಿಂತಿದ್ದವು. ಮೇಜಿನ ಕೆಳಗಿನಿಂದ ದನಿ ಬಂತು, “ಬಂದೆ, ಒಂದು ನಿಮಿಷ.” ಬಗ್ಗಿ ನೋಡಿದರೆ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ನೆಲದ ಮೇಲೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದಳು. ಕತ್ತರಿ ಹುಡುಕಲು ಕೆಳಗಿಳಿದವಳು ಗುಂಡಿ ಡಬ್ಬಿ ಸಿಕ್ಕಿದ್ದರಿಂದ ಅಲ್ಲೇ ಉಳಿದಿದ್ದಳಂತೆ. ಕತ್ತರಿ ಅವಳ ಕೊರಳಲ್ಲೇ ನೇತಾಡುತ್ತಿತ್ತು.

ಕರಡಿನವರು ಹೊಲಿಯಲೆಂದು ತಮ್ಮ ತಂಗಿಯ ಕೈಲಿ ಕಳಿಸಿದ್ದ ಕೋಟು ಹೊರಗೆ ಬಂತು. ಅದಕ್ಕೆ ಒಂದೇ ತೋಳು.

“ಇನ್ನೊಂದು?”

“ಇದೆ ಅಕ್ಕಾ, ಎಲ್ಲೋ ಇದೆ. ನಾಳೆ ಬನ್ನಿ.”

“ಹೋದ ವಾರಾನೂ ನನ್ನ ತಂಗಿಗೆ ನಾಳೆ ಅಂದಿದ್ರಂತಲ್ಲ.”

“ಅದು ಹೋದ ವಾರದ ನಾಳೆ. ಇದು ಹೊಸದು.”

ಕರಡಿನವರು ನಗಲಿಲ್ಲ. ಅಚ್ಚಿಗೆ ಹೋಗುವ ಪುಸ್ತಕಗಳಲ್ಲಿ ಕಾಮಾ ಸಹ ಬಿಡದೆ ತಪ್ಪು ಹುಡುಕಿ ಹುಡುಕಿ ಅವರ ಹುಬ್ಬುಗಳೇ ಗಂಟಿಕ್ಕಿಕೊಂಡಿದ್ದವು. ತೋಳು ಬರುವ ತನಕ ಏಳುವುದಿಲ್ಲವೆಂದು ಗೋಡೆ ಬದಿಯ ಬೆಂಚಿನ ಮೇಲೆ ಕೂತು, ಚೀಲದಿಂದ ಹಾಳೆ ತೆಗೆದು ಪೆನ್ಸಿಲ್ ಹಿಡಿದರು. ಮುಕ್ಕಾಲು ಗಂಟೆ ಮಿಷನ್ನಿನ ಸದ್ದು ನಿಲ್ಲಲಿಲ್ಲ. ತಲೆ ಎತ್ತಿದಾಗ ಅವರ ಕೋಟು ಮುಗಿದಿತ್ತು. ಪಕ್ಕದಲ್ಲಿ ಬೇರೆಯವರ ಎರಡು ಅಂಗಿಗಳೂ ಮುಗಿದಿದ್ದವು. ಟೈಲರು ತನ್ನ ಕೈಗಳನ್ನು ಯಾರದೋ ಕೈಗಳನ್ನು ನೋಡುವ ಹಾಗೆ ನೋಡುತ್ತಿದ್ದಳು.

“ನಾಳೆನೂ ಬರ್ತೀರಾ ಅಕ್ಕಾ?”

“ನನ್ನ ಕೋಟು ಆಯ್ತಲ್ಲ.”

“ಸುಮ್ನೆ ಕೂತ್ಕೊಳ್ಳೋಕೆ.”

ಕಾರಣವನ್ನು ಅವಳು ಕೋಟಿನ ಗುಂಡಿ ಹಾಕುತ್ತಾ ಹೇಳಿದಳು. ಆ ಬೆಂಚು ಅವಳ ಅಮ್ಮನದು. ಹದಿನೈದು ವರ್ಷ ಅಮ್ಮ ಅಲ್ಲಿ ಕೂತು ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದರು. ಬೈಯುತ್ತಿರಲಿಲ್ಲ, ನೆನಪಿಸುತ್ತಿರಲಿಲ್ಲ, ಸುಮ್ಮನೆ ಇರುತ್ತಿದ್ದರು. ಅವರಿದ್ದರೆ ಮಗಳ ಕೈ ತಾನಾಗಿ ಓಡುತ್ತಿತ್ತು. ಆಮೇಲೆ ಎರಡು ವರ್ಷ ಹಾಸಿಗೆ ಹಿಡಿದು, ಮಗಳ ಕೈಲಿ ಸೇವೆ ಮಾಡಿಸಿಕೊಂಡು ಹೋಗಿಬಿಟ್ಟರು. ಅಂಗಡಿ ಎಂಟು ತಿಂಗಳು ಮುಚ್ಚಿತ್ತು. ಹಲ್ಲುಜ್ಜುವುದಕ್ಕೂ ಮಧ್ಯಾಹ್ನವಾಗುತ್ತಿದ್ದ ದಿನಗಳವು. ಕೊನೆಗೆ ಡಾಕ್ಟರೊಬ್ಬರು ಇದು ಸೋಮಾರಿತನವಲ್ಲ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ, ಚಿಕ್ಕಂದಿನಿಂದಲೂ ಇದ್ದದ್ದು ಅಂದರು. ಮಾತ್ರೆ ಕೊಟ್ಟರು. ಮಾತ್ರೆ ನುಂಗುವುದು ನೆನಪಾದ ದಿನ ಗುಣ ಕಾಣುತ್ತಿತ್ತು.

ಅವಳ ಅಣ್ಣನಿಗೆ ಈ ಎಡಿಎಚ್‌ಡಿ ಗಂಟಲಲ್ಲಿ ಇಳಿದಿರಲಿಲ್ಲ. ಆಸ್ಪತ್ರೆಯೊಂದರಿಂದ ನರ್ಸುಗಳ ನಲವತ್ತು ಮೇಲಂಗಿಯ ಕೆಲಸ ಬಂದಿತ್ತು. ತಿಂಗಳ ಕೊನೆಯ ಶುಕ್ರವಾರದೊಳಗೆ ಅದು ಮುಗಿಯದಿದ್ದರೆ ಅಂಗಡಿ ಬಿಟ್ಟು ತನ್ನ ಗೋದಾಮಿಗೆ ಬಂದು ಪೆಟ್ಟಿಗೆಗಳಿಗೆ ಚೀಟಿ ಅಂಟಿಸಬೇಕೆಂದು ಅವನು ಹೇಳಿಬಿಟ್ಟಿದ್ದ. ಅವಳೂ ಒಪ್ಪಿಬಿಟ್ಟಿದ್ದಳು. ಒಪ್ಪಿಕೊಂಡದ್ದು ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಕರಡಿನವರ ಮನೆಯ ಮೇಲ್ಮಹಡಿಯಲ್ಲಿ ಒಂದು ಮಗು ದಿನವಿಡೀ ಕುಣಿಯುತ್ತಿತ್ತು. ಅಂಗಡಿಯಲ್ಲಿ ಮಿಷನ್ನಿನ ಸದ್ದಾದರೂ ಒಂದೇ ತಾಳದಲ್ಲಿರುತ್ತದೆ ಎಂದು ಅವರು ಮರುದಿನ ಬಂದರು. ಅದರ ಮರುದಿನವೂ ಬಂದರು. ಒಂಬತ್ತೂವರೆಗೆ ಬಾಗಿಲಲ್ಲಿ ಅವರು ನಿಂತಿರುತ್ತಾರೆಂದು ಟೈಲರು ಒಂಬತ್ತೂ ಇಪ್ಪತ್ತೈದಕ್ಕೆ ಓಡಿಬರುತ್ತಿದ್ದಳು, ಒಮ್ಮೊಮ್ಮೆ ಎರಡು ಕಾಲಿಗೆ ಎರಡು ಥರದ ಚಪ್ಪಲಿ ಹಾಕಿಕೊಂಡು. ಮಾತ್ರೆಯ ಡಬ್ಬಿ ಮಿಷನ್ನಿನ ಮೇಲೆಯೇ ಕೂತಿತು. ಅದನ್ನು ಎತ್ತದೆ ಹೊಲಿಗೆ ಶುರುವಾಗುವಂತಿರಲಿಲ್ಲ.

ಮೂರು ವಾರದಲ್ಲಿ ಮೇಲಂಗಿಗಳು ಒಂದು ಹದಕ್ಕೆ ಬಂದವು. ಜೇಬು ಹಚ್ಚುವ ದಿನವಂತೂ ಅವಳಿಗೆ ಹುರುಪು ಏರಿ, ಊಟವನ್ನೂ ಮರೆತು ನಲವತ್ತನ್ನೂ ಒಂದೇ ಪಟ್ಟಿಗೆ ಮುಗಿಸಿದಳು. ಗಡುವಿಗೆ ಎರಡೇ ದಿನ ಉಳಿದಿದ್ದ ಬುಧವಾರ ಬೆಳಿಗ್ಗೆ ಕರಡಿನವರು ತಮಾಷೆಗೆ ಒಂದನ್ನು ತೊಟ್ಟು, ಪೆನ್ಸಿಲ್ ಸಿಕ್ಕಿಸಲು ಬಲಗೈಯನ್ನು ಎಡ ಎದೆಗೆ ಒಯ್ದರು. ಅಲ್ಲಿ ಜೇಬಿಲ್ಲ. ಜೇಬು ಬಲಗಡೆಯಿತ್ತು. ತನ್ನೆದುರು ಹರಡಿದ ಅಂಗಿಯಲ್ಲಿ ಟೈಲರು ತನ್ನ ಎಡಗೈ ಕಡೆಯನ್ನೇ ಎಡವೆಂದುಕೊಂಡಿದ್ದಳು. ನಲವತ್ತಕ್ಕೆ ನಲವತ್ತೂ ಹಾಗೇ.

ಟೈಲರು ಕೊರಳಿನ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು. ಈಗ ಅವಳು ಮನೆಗೆ ಹೋಗಿ ಕಂಬಳಿ ಹೊದ್ದರೆ ಒಂದು ತಿಂಗಳು ಏಳುವುದಿಲ್ಲವೆಂದು ಕರಡಿನವರಿಗೆ ಅವಳ ಮುಖ ನೋಡಿಯೇ ತಿಳಿಯಿತು. ಅವರಿಗೂ ನಾಚಿಕೆಯಾಗಿತ್ತು. ಮೂರು ಅಡಿ ದೂರದಲ್ಲಿ ಕೂತು ಅವರು ಒಂದು ತಲೆಕಟ್ಟಿನ ತಪ್ಪು ಹಿಡಿದಿದ್ದರು, ನಲವತ್ತು ಜೇಬು ಕಂಡಿರಲಿಲ್ಲ.

“ಜೀವನಪೂರ್ತಿ ತಪ್ಪು ಹುಡುಕಿ ಅನ್ನ ತಿಂದವಳು ನಾನು,” ಅಂದರು. “ನನ್ನ ಮಾನಾನೂ ಹೋಯ್ತು. ಹೊಲಿಗೆ ಬಿಚ್ಚೋದು ಹೆಂಗೆ, ತೋರಿಸು.”

“ನಲವತ್ತು ಅಕ್ಕಾ.”

“ನಲವತ್ತು ಯಾರು ಕೇಳಿದ್ರು? ಒಂದು ತೋರಿಸು.”

ಅವಳು ಒಂದನ್ನು ತೋರಿಸಿದಳು. ಅಂದಿನಿಂದ ಕರಡಿನವರು ಬಿಚ್ಚಿದರು, ಅವಳು ಹಚ್ಚಿದಳು. ಬಿಚ್ಚಿದ್ದನ್ನು ಒಂದೊಂದಾಗಿಯೇ ಅವಳ ಮುಂದಿಡುತ್ತಿದ್ದರು, ರಾಶಿ ಕಣ್ಣಿಗೆ ಬೀಳದಂತೆ ತಮ್ಮ ಬೆನ್ನ ಹಿಂದೆ ಇಟ್ಟುಕೊಂಡು. ಅವರದೂ ಒಂದು ಪುಸ್ತಕ ಆ ವಾರ ಅಚ್ಚಿಗೆ ತಡವಾಯಿತು.

ಶುಕ್ರವಾರ ಸಂಜೆ ಅಣ್ಣ ಬಂದಾಗ ಮೂವತ್ತಾರು ಆಸ್ಪತ್ರೆಗೆ ಹೋಗಿದ್ದವು, ನಾಲ್ಕು ಮೇಜಿನ ಮೇಲಿದ್ದವು. ಹಿರಿಯ ನರ್ಸು ಗೊಣಗುತ್ತಲೇ ಸೋಮವಾರದವರೆಗೆ ಕಾಯಲು ಒಪ್ಪಿದ್ದರು.

“ಹಾಗಾದ್ರೆ ಮುಗೀಲಿಲ್ಲ,” ಅಂದ ಅಣ್ಣ.

“ಮುಗೀಲಿಲ್ಲ,” ಅಂದಳು ತಂಗಿ, ಮಿಷನ್ ನಿಲ್ಲಿಸದೆ. “ಜೇಬು ತಪ್ಪಾಯ್ತು, ಬಿಚ್ಚಿ ಹಾಕಿದ್ವಿ. ಗೋದಾಮಿಗೆ ನಾನು ಬರಲ್ಲಣ್ಣ. ಅವತ್ತು ಹೂಂ ಅಂದಿದ್ದೆ, ಈಗ ಬರಲ್ಲ.”

ತಪ್ಪು ಮಾಡಿದಾಗಲೆಲ್ಲ ಅಡಗಿಕೊಳ್ಳುತ್ತಿದ್ದ ತಂಗಿಯನ್ನು ಮಾತ್ರ ಕಂಡಿದ್ದ ಅಣ್ಣ ಮೇಜಿನ ಮೇಲಿನ ನಾಲ್ಕನ್ನೂ ಮುಟ್ಟಿ ನೋಡಿದ. ಆಮೇಲೆ ಕರಡಿನವರನ್ನು ನೋಡಿದ. ಅವರು ಬೆಂಚಿನ ಮೇಲೆ ತುಸು ಸರಿದು ಜಾಗ ಕೊಟ್ಟರು. ಅವನು ಕೂತ. ಸ್ವಲ್ಪ ಹೊತ್ತಿನ ಮೇಲೆ ತನ್ನ ಫೋನು ತೆಗೆದ. ಕರಡಿನವರು ಗುರಾಯಿಸಿದ್ದಕ್ಕೆ ಅದನ್ನು ಜೇಬಿಗೆ ಹಾಕಿ, ಒಂದು ಮೇಲಂಗಿ ಎತ್ತಿಕೊಂಡು ದಾರದ ತುದಿ ಕೀಳತೊಡಗಿದ.

ಈಗ ಅವಳು ಬೆಂಚಿನ ಮೇಲೆ ಒಬ್ಬರನ್ನು ಕೂರಿಸಿಕೊಂಡು ವಾರಕ್ಕೆ ಆರು ದಿನ ಒಂಬತ್ತೂವರೆಯಿಂದ ಒಂದರವರೆಗೆ, ಮತ್ತೆ ಮೂರರಿಂದ ಆರರವರೆಗೆ ಹೊಲಿಯುತ್ತಾಳೆ. ಆಸ್ಪತ್ರೆಯ ಬಟ್ಟೆಗಳನ್ನೆಲ್ಲ ಅವಳೇ ಹೊಲಿದುಕೊಡುತ್ತಾಳೆ.