ಅಜ್ಜಿ ಉಳಿಸಿಕೊಂಡ ಹಚ್ಚೆ

“ಎರಡು ತೆಗೀರಿ ಡಾಕ್ಟ್ರೇ, ನಡುವಿಂದೊಂದು ಬಿಟ್ಬಿಡಿ” ಎಂದು ಆ ಅಜ್ಜಿ ಗದ್ದವನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

ಶಿವಮೊಗ್ಗದ ವಿನೋಬನಗರದ ಚರ್ಮದ ಕ್ಲಿನಿಕ್ಕಿನಲ್ಲಿ ತಪಾಸಣೆಗೆಂದು ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಜ್ಜಿಯನ್ನು ಭದ್ರಾವತಿಯಿಂದ ಮೊಮ್ಮಗಳು ಕರೆತಂದಿದ್ದಳು. ತನ್ನ ಮದುವೆಯ ಫೋಟೊದಲ್ಲಿ ಅಜ್ಜಿಯ ಮುಖ ಚೆನ್ನಾಗಿ ಕಾಣಲೆಂದು, ಗದ್ದದ ಮೂರು ಹಸಿರು ಹಚ್ಚೆ ಚುಕ್ಕೆಗಳನ್ನು ಲೇಸರ್‌ನಿಂದ ಅಳಿಸುವ ಆಸೆ ಅವಳದು.

“ಒಂದು ಮಾತ್ರ ಯಾಕಜ್ಜಿ? ಎಲ್ಲಾ ಹೋಗ್ಲಿ ಬಿಡು” ಎಂದಳು ಅವಳು.

“ಸತ್ತಾಗ ಓಲೆ, ಬಳೆ ಎಲ್ಲಾ ಬಿಚ್ಕೋತೀರಿ. ನನ್ ಜೊತೆ ಬರೋದು ಹಚ್ಚೆ ಒಂದೇ ಕಣೇ. ನಮ್ಮವ್ವ ತೊಡೆ ಮೇಲೆ ಕೂರಿಸ್ಕೊಂಡು ಹಾಕ್ಸಿದ್ದು. ಅದೂ ಇಲ್ದಿದ್ರೆ ಅಲ್ಲಿ ಅವಳು ನನ್ನ ಹೆಂಗೆ ಗುರುತು ಹಿಡೀತಾಳೆ?”

ಮೊಮ್ಮಗಳು ಅಜ್ಜಿಯ ಸೆರಗು ಸರಿಮಾಡಿ, “ಬಾ, ಮನೆಗೆ ಹೋಗೋಣ” ಎಂದು ಕೈಹಿಡಿದು ಎಬ್ಬಿಸಿದಳು. ಮೂರೂ ಚುಕ್ಕೆಗಳು ಹಾಗೇ ಉಳಿದವು.

ಮುಂದಿನ ಸರದಿ ನನ್ನದು. ಹೋದ ತಿಂಗಳು ಮೂಗಿನ ಪಕ್ಕದ ದಪ್ಪ ಮಚ್ಚೆಯನ್ನು ಅಲ್ಲೇ ಲೇಸರ್‌ನಿಂದ ತೆಗೆಸಿದ್ದೆ. ಡಾಕ್ಟರ್ ಕನ್ನಡಿ ಕೊಟ್ಟು, “ಎಷ್ಟು ಕ್ಲೀನಾಗಿದೆ ನೋಡಿ” ಎಂದರು. ತೀರಿಹೋದ ನನ್ನ ಅಮ್ಮನಿಗೂ ಅದೇ ಜಾಗದಲ್ಲಿ ಅಂಥದೇ ಮಚ್ಚೆಯಿತ್ತು.