ಪೆನ್ಸಿಲ್ಲಿನಲ್ಲಿ ಬರೆದ ಇಪ್ಪತ್ತೊಂಬತ್ತು ಮಳೆಗಾಲ

ನಗರಸಭೆಯಲ್ಲಿ ನನ್ನ ಹುದ್ದೆಯ ಹೆಸರು ‘ಮಾಹಿತಿ ಸಹಾಯಕ, ಗುತ್ತಿಗೆ’. ಮಾಹಿತಿ ನನ್ನ ಹತ್ತಿರ ಇರುವುದಿಲ್ಲ, ಸಹಾಯ ಯಾರಿಗೂ ಆಗುವುದಿಲ್ಲ, ಗುತ್ತಿಗೆಯೊಂದೇ ನಿಜ. ಹನ್ನೊಂದು ತಿಂಗಳಿಗೊಮ್ಮೆ ನನ್ನನ್ನು ಕೆಲಸದಿಂದ ತೆಗೆದು, ಒಂದು ದಿನ ಮನೆಯಲ್ಲಿ ಕೂರಿಸಿ, ಮರುದಿನ ಮತ್ತೆ ಸೇರಿಸಿಕೊಳ್ಳುತ್ತಾರೆ. ಆ ಒಂದು ದಿನ ನಾನು ಬಹಳ ಒಳ್ಳೆಯ ಮನುಷ್ಯ. ಅಮ್ಮನಿಗೆ ತರಕಾರಿ ಹೆಚ್ಚಿಕೊಡುತ್ತೇನೆ, ಫ್ಯಾನಿನ ರೆಕ್ಕೆ ಒರೆಸುತ್ತೇನೆ. ಉಳಿದ ದಿನಗಳಲ್ಲಿ ನಾನು ಎಂಥವನು ಎಂದು ಹೇಳಬೇಕಾದರೆ ನನ್ನ ದೊಡ್ಡಪ್ಪನ ಕತೆ ಹೇಳಬೇಕು.

ದೊಡ್ಡಪ್ಪ ಅದೇ ಆಫೀಸಿನಲ್ಲಿ ನೀರಳತೆಯವರು. ಊರಿನ ಅಂಚಿನಲ್ಲಿ ಹೊಳೆಗೆ ಅಂಟಿಕೊಂಡು ಒಂದು ದೊಡ್ಡ ಜೌಗು ಇದೆ. ಬೇಸಿಗೆಯಲ್ಲಿ ನೋಡಿದರೆ ಒಣ ಜೊಂಡಿನ ಬಯಲು, ಯಾರಿಗಾದರೂ ಸೈಟು ಮಾಡುವ ಆಸೆ ಹುಟ್ಟುವಷ್ಟು ಸಪಾಟು. ಮಳೆಗಾಲದಲ್ಲಿ ಹೊಳೆಗೆ ತನ್ನ ಪಾತ್ರದಲ್ಲಿ ಜಾಗ ಸಾಲದೆ ಹೋದಾಗ ಬಂದು ಮಲಗುವ ಕೋಣೆ ಅದು. ಅದರ ಸುತ್ತ ಹನ್ನೊಂದು ಕಾಂಕ್ರೀಟ್ ಕಂಬಗಳು. ವರ್ಷಕ್ಕೊಮ್ಮೆ, ನೀರು ಅತಿ ಹೆಚ್ಚು ಏರಿದ ದಿನ, ದೊಡ್ಡಪ್ಪ ಮೊಣಕಾಲು ಮೀರಿದ ರಬ್ಬರ್ ಬೂಟು ಹಾಕಿಕೊಂಡು, ಕೆಂಪು ಬಣ್ಣದ ಡಬ್ಬಿ ಹಿಡಿದು ಹೋಗಿ, ಪ್ರತಿ ಕಂಬದ ಮೇಲೂ ನೀರು ಮುಟ್ಟಿದ ಕಡೆ ಬೆರಳಗಲದ ಗೆರೆ ಎಳೆದು ಬರುತ್ತಿದ್ದರು. ಆಫೀಸಿನಲ್ಲಿ ಅವರಿಗೆ ‘ಕೆಂಪುಗೆರೆ’ ಅಂತಲೇ ಹೆಸರು. ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಅತಿ ಹೆಚ್ಚು ಏರಿದ ದಿನ ಯಾವುದು ಎಂದು ಹಿಡಿಯುವುದೇ ಅವರ ವಿದ್ಯೆ. ಮಳೆ ನಿಂತ ದಿನವಲ್ಲ. ಮೇಲಿನ ಹಳ್ಳಗಳ ನೀರು ಬಂದು ಸೇರಲು ಎರಡು ದಿನ ಬೇಕು. ಗಾಳಿ ಇರುವ ದಿನವೂ ಅಲ್ಲ. ಗಾಳಿ ನೀರನ್ನು ಒಂದು ದಡಕ್ಕೆ ತಳ್ಳಿ ಸುಳ್ಳು ಹೇಳಿಸುತ್ತದೆ. ಕಂಬಕ್ಕೆ ಒಂದು ಹುಲ್ಲುಕಡ್ಡಿ ಅಂಟಿಸಿ ಕಾಯುವುದು. ಅದು ಮುಳುಗಲೂ ಬಾರದು, ಒಣಗಲೂ ಬಾರದು. “ನೀರು ನಿಂತು ಯೋಚನೆ ಮಾಡೋ ದಿನ” ಎಂದು ಅದಕ್ಕೆ ಅವರದೇ ಹೆಸರು. ಆ ವಾರ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ದೊಡ್ಡಮ್ಮನೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈ ಮನುಷ್ಯ ಮದುವೆಯ ದಿನವೂ ಕಿಟಕಿಯಾಚೆ ಮೋಡ ನೋಡುತ್ತಾ ನಿಂತಿದ್ದ, ನಾನೇ ತೋಳು ಹಿಡಿದು ಎಳೆದುಕೊಂಡೆ ಎಂದು ದೊಡ್ಡಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಗೆರೆ ಎಳೆದ ಮೇಲೆ ಬರವಣಿಗೆ. ಉದ್ದನೆಯ ರಟ್ಟಿನ ಪುಸ್ತಕ, ಮಳೆಗಾಲಕ್ಕೊಂದು. ತಾರೀಕು, ಕಂಬದ ನಂಬರು, ಬುಡದಿಂದ ಎತ್ತರ, ಕಂಬದಿಂದ ದಡಕ್ಕೆ ದೂರ, ಗಾಳಿ ಉಂಟೋ ಇಲ್ಲವೋ. ಎಲ್ಲವೂ ಪೆನ್ಸಿಲ್ಲಿನಲ್ಲಿ. ಹೊಸದಾಗಿ ಸೇರಿದ ನಾನು, ಡಿಗ್ರಿ ಇರುವವನು, ಸರ್ಕಾರಿ ದಾಖಲೆಯನ್ನು ಪೆನ್ಸಿಲ್ಲಿನಲ್ಲಿ ಬರೀತಾರಾ ಎಂದು ನಕ್ಕಿದ್ದೆ. ಅವರು ಬೈಯಲಿಲ್ಲ. ನನ್ನ ಜೇಬಿನ ಇಂಕು ಪೆನ್ನಿನಿಂದ ಒಂದು ಸಾಲು, ತಮ್ಮ ಪೆನ್ಸಿಲ್ಲಿನಿಂದ ಒಂದು ಸಾಲು ಬರೆದು, ಹಾಳೆಯನ್ನು ನನ್ನ ಟೀ ಲೋಟದೊಳಗೆ ಅದ್ದಿದರು. ನನ್ನ ಸಾಲು ಲೋಟದಲ್ಲಿ ಕರಗಿತು, ಅವರ ಸಾಲು ಹಾಳೆಯಲ್ಲೇ ಇತ್ತು. “ಕುಡಿ ಕಂಪ್ಯೂಟರ್ ಸಾಹೇಬ, ನಿನ್ನ ಅಕ್ಷರ ನಿನ್ನ ಹೊಟ್ಟೆಗೇ ಹೋಗಲಿ” ಅಂದರು. ಇಡೀ ಆಫೀಸು ಒಂದು ವಾರ ನನ್ನನ್ನು ನೋಡಿದಾಗಲೆಲ್ಲ ಟೀ ಕುಡಿಯುವಂತೆ ಕೈ ಮಾಡುತ್ತಿತ್ತು.

ಈ ಕೆಲಸ ಕೊಡಿಸಿದವರೂ ಅವರೇ. ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ, ನಾನು. ನನ್ನ ಸಂಬಳದಲ್ಲೇ ಒಲೆ ಉರಿಯಬೇಕು. ದೊಡ್ಡಪ್ಪ ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಮೇಲಿನವರ ಮುಂದೆ ಕೈಚಾಚಿದವರಲ್ಲ. ನನಗಾಗಿ ಒಂದು ಸಲ ಇಂಜಿನಿಯರ್ ಮೇಡಂ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ.

ಮೇಡಂ ಒಳ್ಳೆಯವರು. ಕತೆಗೆ ಒಬ್ಬ ಖಳ ಬೇಕಲ್ಲ ಎಂದು ನೀವು ಅವರ ಕಡೆ ನೋಡಬೇಡಿ, ಆ ಜಾಗಕ್ಕೆ ಬೇರೊಬ್ಬರು ಇದ್ದಾರೆ. ಜೌಗನ್ನು ಉಳಿಸಬೇಕು ಎಂದು ಕೌನ್ಸಿಲ್ಲಿನಲ್ಲಿ ಮೂರು ವರ್ಷ ಗುದ್ದಾಡಿ ನಿಯಮ ಮಾಡಿಸಿದವರು ಅವರು. ನಿಯಮ ಇಷ್ಟೇ: ನೀರಿನ ಅಂಚಿನಿಂದ ಐವತ್ತು ಮೀಟರ್ ದೂರದವರೆಗೆ ಯಾರೂ ಏನೂ ಕಟ್ಟಬಾರದು. ಅಂಚು ಯಾವುದು? ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಅಳತೆ ತಾರೀಕಿನ ಸಮೇತ ಕಂಪ್ಯೂಟರಿನಲ್ಲಿ ಇದ್ದರೆ, ಅದರಲ್ಲಿ ಅತಿ ಮೇಲಿನ ಗೆರೆ. ಇಲ್ಲದಿದ್ದರೆ, ಸರ್ವೆಯ ದಿನ ನೀರು ಎಲ್ಲಿದೆಯೋ ಅಲ್ಲಿ. ನಕ್ಷೆ ಆ ಕೌನ್ಸಿಲ್ಲಿನ ಅವಧಿ ಮುಗಿಯುವುದರೊಳಗೆ ಪ್ರಕಟವಾಗಬೇಕು, ತಪ್ಪಿದರೆ ಇಡೀ ನಿಯಮವೇ ಬಿದ್ದುಹೋಗುತ್ತದೆ. ಅವಧಿ ಮುಗಿಯುವುದು ಬೇಸಿಗೆಯ ನಡುವೆ.

ನಿಯಮ ಓದಿದ ದಿನ ದೊಡ್ಡಪ್ಪ ಇಪ್ಪತ್ತೊಂಬತ್ತು ಪುಸ್ತಕಗಳನ್ನು ಎರಡು ಸಲವಾಗಿ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟರು. ಅವರ ನಿವೃತ್ತಿಗೆ ಎಂಟು ತಿಂಗಳಿತ್ತು. ಕಂಬದ ಮೇಲಿನ ಗೆರೆ ನಕ್ಷೆಯ ಮೇಲೆ ಬಂದುಬಿಟ್ಟರೆ ಬೂಟು ಬಿಚ್ಚಿಡ್ತೀನಿ, ಆಮೇಲೆ ಮಳೆ ಬಂದರೆ ಎಲ್ಲರ ಹಾಗೆ ಬಾಗಿಲು ಹಾಕಿಕೊಂಡು ಮಲಗ್ತೀನಿ ಅಂದರು. ಅವರು ಬದುಕಿನಲ್ಲಿ ಬೇಕು ಅಂದದ್ದು ನಾನು ಕೇಳಿದ್ದು ಅದೊಂದೇ.

ಟೈಪ್ ಮಾಡಲು ನನಗೆ ಆರು ತಿಂಗಳಿತ್ತು. ಒಂದು ಪುಸ್ತಕಕ್ಕೆ ಒಂದು ದಿನ ಸಾಕು. ಮೊದಲ ವಾರ ನಾಲ್ಕು ಪುಸ್ತಕ ಮುಗಿಸಿದೆ; ಆ ವೇಗ ನೋಡಿ ನನಗೇ ನನ್ನ ಮೇಲೆ ಗೌರವ ಬಂತು, ಗೌರವ ಬಂದದ್ದಕ್ಕೆ ಒಂದು ವಾರ ವಿಶ್ರಾಂತಿ ಕೊಟ್ಟೆ. ಆಮೇಲೆ ಹೊಸ ಸ್ಕೂಟರಿನ ಚಿಂತೆ. ಆಮೇಲೆ ಲೆಕ್ಕಪತ್ರದ ಕೋಣೆಗೆ ಹೊಸದಾಗಿ ಬಂದ ಹುಡುಗಿಯ ಪ್ರಿಂಟರ್ ದಿನಕ್ಕೆರಡು ಸಲ ಕೆಡುತ್ತಿತ್ತು, ರಿಪೇರಿಗೆ ನಾನೇ ಬೇಕಿತ್ತು ಎಂದು ನಾನು ತಿಳಿದುಕೊಂಡಿದ್ದೆ. ಪುಸ್ತಕಗಳನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದೆ. ಮೇಡಂ ಕೇಳಿದಾಗಲೆಲ್ಲ “ಆಗ್ತಾ ಇದೆ ಮೇಡಂ” ಅಂದೆ. ದೊಡ್ಡಪ್ಪ ಕೇಳಲೇ ಇಲ್ಲ. ತಮ್ಮನ ಮಗನನ್ನು ಕೇಳುವುದೇನು ಎಂದಿರಬೇಕು.

ಕೊನೆಯ ದಿನ ಬಂತು. ಸಂಜೆ ಐದಕ್ಕೆ ನಕ್ಷೆ ಪ್ರಕಟವಾಗಬೇಕು. ಮಧ್ಯಾಹ್ನ ಎರಡು ಗಂಟೆಗೆ ಮೇಡಂ ನನ್ನ ಮೇಜಿನ ಹತ್ತಿರ ಬಂದು ನಿಂತರು. ಪರದೆಯ ಮೇಲೆ ನಾಲ್ಕು ವರ್ಷದ ಅಳತೆ. ಬೇಕಿದ್ದದ್ದು ಹತ್ತು. ದೊಡ್ಡಪ್ಪ ಆಫೀಸಿನಲ್ಲಿರಲಿಲ್ಲ, ಸರ್ವೆಯವರಿಗೆ ಕಂಬಗಳನ್ನು ತೋರಿಸಲು ಬಿಸಿಲಲ್ಲಿ ಜೌಗಿನ ಸುತ್ತ ತಿರುಗುತ್ತಿದ್ದರು. ನನ್ನ ಗುತ್ತಿಗೆ ಮುಗಿಯಲು ಒಂಬತ್ತು ದಿನ.

ಸೋಮಾರಿತನ ಎಂದು ಹೇಳಿದ್ದರೆ ಒಂದು ಪದ ಸಾಕಾಗುತ್ತಿತ್ತು. ನಾನು ಹೇಳಿದ್ದು ಇದು: “ಉಳಿದ ಪುಸ್ತಕಗಳು ಓದಕ್ಕೇ ಬರಲ್ಲ ಮೇಡಂ. ನೀರು ಬಿದ್ದು ಅಕ್ಷರ ಎಲ್ಲಾ ಅಳಿಸಿಹೋಗಿದೆ.”

ಅವರು ಬೀರುವಿನ ಕಡೆ ಒಮ್ಮೆ, ಗಡಿಯಾರದ ಕಡೆ ಒಮ್ಮೆ ನೋಡಿದರು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಕೇಳಿದ್ದರೆ ಕೊಡುತ್ತಿದ್ದೆ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವರು ಕೇಳಲಿಲ್ಲ. ಪೂರ್ತಿ ಬಿದ್ದುಹೋಗುವುದಕ್ಕಿಂತ ಅರ್ಧ ಉಳಿದರೂ ಸಾಕು ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಸರ್ವೆಯವರಿಗೆ ಫೋನ್ ಮಾಡಿ, ಇವತ್ತು ನೀರು ಎಲ್ಲಿದೆಯೋ ಅದನ್ನೇ ಅಂಚು ಅಂತ ಹಿಡೀರಿ ಅಂದರು. ಆ ಬೇಸಿಗೆಯ ಮಧ್ಯಾಹ್ನ ನೀರು ಜೌಗಿನ ನಡುವೆ ಒಂದು ತಟ್ಟೆಯಷ್ಟಿತ್ತು. ಐದಕ್ಕೆ ಮೂರು ನಿಮಿಷ ಇರುವಾಗ ನಕ್ಷೆ ಪ್ರಕಟವಾಯಿತು. ಕೆಳಗೆ ‘ಸಿದ್ಧಪಡಿಸಿದವರು’ ಎಂಬಲ್ಲಿ ನನ್ನ ಹೆಸರು. ಹನ್ನೊಂದು ಕಂಬಗಳಲ್ಲಿ ಒಂಬತ್ತು ಗೆರೆಯ ಹೊರಗೆ ಬಿದ್ದಿದ್ದವು. ಜೌಗನ್ನು ಉಳಿಸುವ ನಕ್ಷೆಯೇ, ಇಲ್ಲಿ ಧಾರಾಳವಾಗಿ ಮನೆ ಕಟ್ಟಬಹುದು ಎಂದು ಊರಿಗೆ ಡಂಗುರ ಹೊಡೆಯಿತು.

ಮರುದಿನ ದೊಡ್ಡಪ್ಪ ಬಂದರು. ಮುಖ ಬಿಸಿಲಿಗೆ ಸುಟ್ಟಿತ್ತು. ಅಕ್ಷರ ಅಳಿಸಿಹೋಗಿದೆ ಎಂಬ ಮಾತು ಅವರ ಕಿವಿಗೆ ಬಿದ್ದಾಗಿತ್ತು. ಬೀರು ತೆಗೆಯಲು ಹೇಳಿದರು. ಹದಿನೇಳನೆಯ ಪುಸ್ತಕ ಎತ್ತಿಕೊಂಡು, ನಡುವೆ ತೆರೆದು, ನನ್ನ ಕಡೆ ತಿರುಗಿಸಿ ಹಿಡಿದರು. ಬೂದು ಅಕ್ಷರ, ಒಂದೊಂದೂ ಅಕ್ಕಿಕಾಳಿನ ಹಾಗೆ ಬಿಡಿಬಿಡಿ.

“ಓದು.”

ಓದಿದೆ. ತಾರೀಕು, ಕಂಬ ನಾಲ್ಕು, ಎತ್ತರ, ದೂರ, ಗಾಳಿ ಇಲ್ಲ.

“ಕನ್ನಡಕ ಬೇಕಾಗಲಿಲ್ಲವಲ್ಲ” ಅಂದರು. ಅಷ್ಟೇ.

ನಕ್ಷೆಗೆ ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ ಅವಕಾಶ. ಯಾರು ಬೇಕಾದರೂ ಅರ್ಜಿ ಕೊಡಬಹುದು, ದಾಖಲೆ ಜೊತೆಗಿಟ್ಟರೆ ಗೆರೆಯನ್ನು ತಿದ್ದಲೇಬೇಕು. ದೊಡ್ಡಪ್ಪ ಪುಸ್ತಕಗಳನ್ನು ಹೊತ್ತು ಮೇಡಂ ಕೋಣೆಗೆ ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ನನ್ನ ಸುಳ್ಳು ಆ ಹತ್ತನೆಯ ಹೆಜ್ಜೆಗೆ ಬಯಲಾಗುತ್ತಿತ್ತು, ಗುತ್ತಿಗೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಅರ್ಜಿ ಬರೆದರು. ಅದು ನನಗೆ ಗೊತ್ತು, ಯಾಕೆಂದರೆ ದೊಡ್ಡಮ್ಮ ಹೇಳಿದಳು. ಮೇಜಿನ ಮೇಲೆ ಆ ಹಾಳೆ ಇಪ್ಪತ್ತು ದಿನದಿಂದ ಕೂತಿದೆ, ಊಟದ ತಟ್ಟೆ ಇಡಕ್ಕೂ ಬಿಡಲ್ಲ, ಎತ್ತಿ ಎಲ್ಲಿಗಾದರೂ ಕೊಡು ಅಂದರೆ ಅದನ್ನೂ ಮಾಡಲ್ಲ, ನಿಮ್ಮ ಆಫೀಸಲ್ಲಿ ಏನು ನಡೀತಿದೆಯೋ ಎಂದು ನನ್ನನ್ನೇ ಕೇಳಿದಳು. ನನಗೇನು ಗೊತ್ತು ದೊಡ್ಡಮ್ಮ ಅಂದೆ.

ಆ ಮೂವತ್ತು ದಿನ ನಾನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಬಾಗಿಲು ನೋಡುತ್ತಾ ಕೂರುತ್ತಿದ್ದೆ. ಸತ್ಯವನ್ನು ನಾನೇ ಹೇಳಿಬಿಡಬಹುದು ಎಂಬುದು ಹೊಳೆಯಲಿಲ್ಲ ಎಂದಲ್ಲ. ಹೊಳೆದಾಗಲೆಲ್ಲ ಅಮ್ಮನ ಮುಖ ತಂದು ಅಡ್ಡ ಹಿಡಿಯುತ್ತಿದ್ದೆ. ಪಾಪ, ಅಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಂಬತ್ತನೆಯ ದಿನ ನನ್ನನ್ನು ಮನೆಯಲ್ಲಿ ಕೂರಿಸಿ ಹತ್ತನೆಯ ದಿನ ಮತ್ತೆ ಸೇರಿಸಿಕೊಂಡರು. ಮೂವತ್ತೊಂದನೆಯ ದಿನ ದೊಡ್ಡಪ್ಪ ಎಂದಿನಂತೆ ಬಂದರು. ನನ್ನ ಮೇಜಿನ ಮುಂದೆ ಹಾಯುವಾಗ, “ಅಮ್ಮನ ಮಂಡಿನೋವು ಹೇಗಿದೆ?” ಎಂದು ಕೇಳಿದರು. ಆವತ್ತೇ ತಿಳಿಯಿತು, ಅರ್ಜಿಯ ಹಾಳೆ ಒಲೆಗೋ ಕಸಕ್ಕೋ ಹೋಯಿತೆಂದು.

ಮುಂದಿನ ತಿಂಗಳು ನಿವೃತ್ತಿ. ಬೀಳ್ಕೊಡುಗೆಯಲ್ಲಿ ಯಾರೋ ಒಂದು ಪೆನ್ನು ಕೊಟ್ಟರು.

ಎರಡು ವರ್ಷದಲ್ಲಿ ಜೌಗಿನ ಮೇಲೆ ನಲವತ್ತೆರಡು ಮನೆಗಳೆದ್ದವು. ಎಲ್ಲಕ್ಕೂ ನಗರಸಭೆಯ ಅನುಮತಿ, ಎಲ್ಲದರ ಕಡತವೂ ನನ್ನ ಕೈ ದಾಟಿಯೇ ಹೋದದ್ದು. ಒಂದು ಮನೆಯವರು ಏಳನೆಯ ಕಂಬವನ್ನು ಕೀಳಿಸದೆ ಕಾಂಪೌಂಡಿಗೆ ಸೇರಿಸಿಕೊಂಡರು. ಬಟ್ಟೆ ಒಣಗಿಸುವ ತಂತಿಗೆ ಅದು ಅನುಕೂಲವಾಗಿತ್ತು. ಮೂರನೆಯ ಮಳೆಗಾಲದಲ್ಲಿ ಹೊಳೆ ತನ್ನ ಹಳೆಯ ಕೋಣೆಗೆ ಬಂತು. ಯಾರೂ ಸಾಯಲಿಲ್ಲ, ಹಾಗಾಗಿ ಪತ್ರಿಕೆಯಲ್ಲಿ ಸಣ್ಣ ಸುದ್ದಿ. ಸೋಫಾಗಳು ತೇಲಿದವು, ಒಬ್ಬ ಟೀಚರಮ್ಮನ ಇಡೀ ಗ್ರಂಥ ಭಂಡಾರ ಗಂಜಿಯಾಯಿತು. ನಾನು ಫೋಟೋ ತೆಗೆಯಲು ಹೋಗಿದ್ದೆ. ಏಳನೆಯ ಕಂಬದಲ್ಲಿ ನೀರು ಅತಿ ಮೇಲಿನ ಕೆಂಪು ಗೆರೆಗೆ ಎರಡು ಬೆರಳು ಕೆಳಗೆ ನಿಂತಿತ್ತು. ಗಾಳಿ ಇರಲಿಲ್ಲ.

ಮನೆಯವರೆಲ್ಲ ಸೇರಿ ಸಭೆ ಕರೆಸಿದರು. ದೊಡ್ಡಪ್ಪನಿಗೂ ಕರೆ ಹೋಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ನಾನು ಮುಂದೆ, ಸಭೆಯ ನಡಾವಳಿ ಟೈಪ್ ಮಾಡುವ ಮೇಜಿನಲ್ಲಿ. ಮೇಡಂ ತಲೆ ಆಗಲೇ ನರೆತಿತ್ತು. ಎರಡು ಗಂಟೆ ಬೈಗುಳ ಕೇಳಿದ ಮೇಲೆ ಅವರು ದೊಡ್ಡಪ್ಪನ ಕಡೆ ತಿರುಗಿ ಮೆತ್ತಗೆ ಕೇಳಿದರು.

“ನೀವೇ ಹೇಳಿ. ಆ ಪುಸ್ತಕಗಳು ನಿಜವಾಗಲೂ ಹಾಳಾಗಿದ್ದವಾ?”

ಅವರು ಎದ್ದು ನಿಂತರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ಆಗುತ್ತಿತ್ತೋ ಏನೋ.

“ಹೌದಮ್ಮ. ನೀರು ಬಿದ್ದಿತ್ತು. ನನ್ನದೇ ತಪ್ಪು, ಸರಿಯಾಗಿ ಇಟ್ಟುಕೊಳ್ಳಲಿಲ್ಲ.”

ಸಭೆಯಲ್ಲಿ ಯಾರೋ ನಕ್ಕರು. ಮೂವತ್ತು ವರ್ಷ ನೀರು ಅಳೆದವನಿಗೆ ಒಂದು ಪುಸ್ತಕ ಒಣಗಿಸಿಟ್ಟುಕೊಳ್ಳಕ್ಕೆ ಆಗಲಿಲ್ಲ ನೋಡ್ರಪ್ಪ, ಇಂಥವರಿಗೆ ಪೆನ್ಷನ್ ಬೇರೆ, ಎಂದು ಒಬ್ಬ ಗಟ್ಟಿಯಾಗಿಯೇ ಹೇಳಿದ. ದೊಡ್ಡಪ್ಪ ಅದಕ್ಕೂ ತಲೆಯಾಡಿಸಿ ಕೂತರು. ನೀರಿನ ವಿಷಯದಲ್ಲಿ ಅವರು ಹೇಳಿದ ಒಂದೇ ಒಂದು ಸುಳ್ಳು ಅದು. ನಾನು ಅದನ್ನು ಅಕ್ಷರ ಬಿಡದೆ ಟೈಪ್ ಮಾಡಿದೆ. ಆ ದಿನದ ಕೆಲಸವನ್ನು ಮಾತ್ರ ಆ ದಿನವೇ ಮುಗಿಸಿದೆ.

ಜೌಗಿನ ನೀರನ್ನು ಹೊಳೆಗೆ ಇಳಿಸಲು ಈಗ ದೊಡ್ಡ ಕಾಲುವೆ ತೋಡುತ್ತಿದ್ದಾರೆ. ಉಳಿದಿದ್ದ ತಟ್ಟೆಯಷ್ಟು ನೀರೂ ಅದರಲ್ಲಿ ಹೋಗುತ್ತದೆ. ನನ್ನ ಕೆಲಸ ಕಾಯಂ ಆಗಿದೆ. ಇಪ್ಪತ್ತೊಂಬತ್ತು ಪುಸ್ತಕಗಳೂ ಇನ್ನೂ ಬೀರುವಿನಲ್ಲೇ ಇವೆ. ಕಳೆದ ವರ್ಷ ಉಳಿದ ಇಪ್ಪತ್ತೈದನ್ನೂ ಟೈಪ್ ಮಾಡಿ ಮುಗಿಸಿದೆ. ಒಂದು ಪುಸ್ತಕಕ್ಕೆ ಒಂದು ದಿನವೂ ಬೇಕಾಗಲಿಲ್ಲ. ಎಲ್ಲೂ ಒಂದು ಅಕ್ಷರ ತಡವರಿಸಲಿಲ್ಲ.

ಭಾನುವಾರ ದೊಡ್ಡಪ್ಪನ ಮನೆಗೆ ಹೋಗುತ್ತೇನೆ. ಪ್ರೀತಿಗೆ ಕಡಿಮೆಯಿಲ್ಲ. ಸ್ಕೂಟರ್ ಎಷ್ಟು ಮೈಲೇಜ್ ಕೊಡುತ್ತೆ, ಅಮ್ಮನ ಮಂಡಿ ಹೇಗಿದೆ, ಹೆಣ್ಣು ನೋಡಿದ್ದು ಏನಾಯಿತು ಎಂದೆಲ್ಲ ಕೇಳುತ್ತಾರೆ. ಪುಸ್ತಕಗಳನ್ನು ಪೂರ್ತಿ ಮಾಡಿದೆ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವರು ಸ್ಕೂಟರಿನ ಬ್ರೇಕಿನ ಮಾತು ತೆಗೆದರು. ಹೋದ ವಾರ ನಾನಿದ್ದಾಗಲೇ ಜೋರು ಮಳೆ ಹಿಡಿಯಿತು. ದೊಡ್ಡಮ್ಮ ಅಭ್ಯಾಸಬಲದಿಂದ ಮೂಲೆಯ ಬೂಟಿನ ಕಡೆ ನೋಡಿದಳು. ದೊಡ್ಡಪ್ಪ ಎದ್ದು ಬಾಗಿಲು ಹಾಕಿದರು, ಕಿಟಕಿ ಹಾಕಿದರು, ಬಂದು ಕೂತು ಟಿವಿಯ ಸದ್ದು ಜೋರು ಮಾಡಿದರು.